ಪಂಕ್ತಿಯಲ್ಲಿ ಕೂತ ನನ್ನ ಕಂಪ್ಯೂಟರು

ನನಗೆ ಎಂ.ಟೆಕ್ ಸಿಗುವುದು ಖಚಿತ ಎಂದು ನಂಬಿದ್ದವರು ಲೋಕದಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ಯಾರೆಂದು ಈಗ ನೆನಪಾಗುತ್ತಿಲ್ಲ.

ತೊಂಬತ್ತರ ದಶಕದ ಕೊನೆ. ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ತಾತ್ಕಾಲಿಕ ಲೆಕ್ಚರರ್. ಪ್ರಾಜೆಕ್ಟಿಗೆ ಹೊರಗಿನ ಪರೀಕ್ಷಕರ ಸಹಿ ಬಿದ್ದರೆ ಪದವಿ, ಪದವಿ ಬಂದರೆ ಕೆಲಸ ಕಾಯಂ. ಎರಡು ಸಲ ಗಡುವು ಮುಂದೆ ಹಾಕಿಸಿಕೊಂಡಿದ್ದೆ. ಮೂರನೆಯದೇ ಕೊನೆ, ಆಮೇಲೆ ಆ ಜಾಗ ಬೇರೆಯವರಿಗೆ ಎಂದು ಪ್ರಿನ್ಸಿಪಾಲರು ನಗುನಗುತ್ತಲೇ ಹೇಳಿದ್ದರು.

ಪ್ರಾಜೆಕ್ಟ್ ಏನೆಂದು ಹೊಳೆನರಸೀಪುರದ ನನ್ನ ಮಾವನವರಿಗೂ ವಿವರಿಸಿದ್ದೆ. "ಇರೋ ಕಂಪ್ಯೂಟರ್ ಒಳಗೆ, ಇನ್ನೂ ಯಾರೂ ತಯಾರಿಸದ ಒಂದು ಕಂಪ್ಯೂಟರನ್ನ ಸುಳ್ಳುಸುಳ್ಳೇ ಓಡಿಸೋದು ಮಾವ."

ಪೌರೋಹಿತ್ಯದಲ್ಲಿ ತಲೆ ನೆರೆತ ಅವರು ಸ್ವಲ್ಪ ಯೋಚಿಸಿ, "ಇದಕ್ಕೆ ಸಂಬಳ ಕೊಡ್ತಾರೇನಪ್ಪಾ?" ಎಂದರು.

ಆ ಸುಳ್ಳು ಕಂಪ್ಯೂಟರಿನಲ್ಲಿ ನಾಲ್ಕು ಭಾಗ. ಒಂದು ಲೆಕ್ಕ ಮಾಡುವುದು, ಒಂದು ನೆನಪಿಡುವುದು, ಒಂದು ಅವೆರಡರ ನಡುವೆ ಸಾಗಿಸುವುದು, ಇನ್ನೊಂದು ಗಡಿಯಾರ. ಒಂದೊಂದಕ್ಕೂ ಒಂದೊಂದು ಥ್ರೆಡ್, ಅಂದರೆ ತನ್ನ ಪಾಡಿಗೆ ತಾನು ಓಡುವ ಕೆಲಸಗಾರ. ಒಬ್ಬ ಮುಂದೆ ಓಡಿ ಇನ್ನೊಬ್ಬ ಹಿಂದುಳಿದರೆ ಎಲ್ಲ ಕೆಟ್ಟಿತು. ಅದಕ್ಕೆ ನಮ್ಮ ಪಂಕ್ತಿ ಊಟದ ಪದ್ಧತಿಯನ್ನೇ ತಂದೆ. ಪ್ರತಿಯೊಬ್ಬನೂ "ನನ್ನದು ಮುಗೀತು" ಎಂದು ಹೇಳಿ, ಏಳುವ ಕರೆಗೆ ಕಾಯುತ್ತಾ ಕೂರಬೇಕು. ಎಲ್ಲರದೂ ಮುಗಿದ ಮೇಲೆ ಹಿರಿಯನಾದ ಗಡಿಯಾರ "ಏಳೋಣ" ಅನ್ನುತ್ತದೆ. ಎಲ್ಲರೂ ಒಟ್ಟಿಗೆ ಏಳುತ್ತಾರೆ. ಅದು ಒಂದು ಟಿಕ್. ಮತ್ತೆ ಮುಂದಿನ ಪಂಕ್ತಿ. ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡದ್ದು ನನಗೆ ಅರಕಲಗೂಡಿನ ಒಂದು ಮದುವೆಮನೆಯಲ್ಲಿ ಹುಳಿಯನ್ನ ಕಲಸುವಾಗ ಹೊಳೆಯಿತಲ್ಲ ಎಂದು ಬೀಗಿದೆ.

ಅದು ಓಡಿತು ಕೂಡ. ತಪ್ಪು ಹುಡುಕಲೆಂದು "ನಾನು ಕೂತೆ", "ನಾನು ಎದ್ದೆ" ಎಂದು ಪ್ರತಿ ಹೆಜ್ಜೆಗೂ ಪರದೆಯ ಮೇಲೆ ಒಂದು ಸಾಲು ಬರುವ ಹಾಗೆ ಮಾಡಿದ್ದೆ. ಸಾವಿರ ಟಿಕ್ ಆದರೂ ಒಂದೂ ತಪ್ಪಲಿಲ್ಲ. ಪರೀಕ್ಷಕರು ಬರುವ ಹಿಂದಿನ ದಿನ ಮಾತ್ರ ಆ ಸಾಲುಗಳು ಯಾಕೋ ಅಸಹ್ಯವಾಗಿ ಕಂಡವು.

"ಓಡ್ತಾ ಇದೆಯಲ್ರೀ, ಸುಮ್ನೆ ಬಿಡಿ," ಎಂದಳು ಹೆಂಡತಿ ಜಯಾ.

"ಬರೀ ಮಾತು ತೆಗೀತೀನಿ ಕಣೇ. ಕೆಲಸಕ್ಕೂ ಮಾತಿಗೂ ಏನು ಸಂಬಂಧ?"

ಅಷ್ಟನ್ನೂ ಅಳಿಸಿದೆ. ಮತ್ತೊಮ್ಮೆ ಓಡಿಸಿ ನೋಡಲಿಲ್ಲ. ನೋಡುವುದೇನಿದೆ!

ಮರುದಿನ ಬೆಳಿಗ್ಗೆ ಪರೀಕ್ಷಕರ ಎದುರು ಗುಂಡಿ ಒತ್ತಿದೆ. ಟಿಕ್ಕುಗಳ ಎಣಿಕೆ ಹದಿನೇಳಕ್ಕೆ ಬಂದು ನಿಂತಿತು. ಹತ್ತು ನಿಮಿಷವಾದರೂ ಹದಿನೇಳೇ.

"ಏನು ಮಾಡ್ತಾ ಇದೆ ಇದು?" ಎಂದರು ಅವರು.

"ಆಳವಾದ ಲೆಕ್ಕ ಸರ್."

ಕಾಫಿ ತಂದ ಲ್ಯಾಬ್ ಅಟೆಂಡರ್ ಬೋರಣ್ಣ ಬಗ್ಗಿ ನೋಡಿದ. "ಸಾ, ಇದು ಓಡ್ತಾ ಐತಾ, ಇಲ್ಲಾ ಮನೀಕಂಡೈತಾ?"

ಮತ್ತೆ ಶುರು ಮಾಡಿದೆ. ನಾಲ್ಕಕ್ಕೆ ನಿಂತಿತು. ಮೂರನೇ ಸಲ ಒಂದಕ್ಕೇ ನಿಂತಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ದೇವರಿದ್ದಾನೆ ಎಂದುಕೊಂಡೆ. ಆದರೆ ಬಂದಾಗಿನಿಂದ ಒಂದು ದಿನವೂ ಕೆಲಸ ಮಾಡದ ನಮ್ಮ ಯು.ಪಿ.ಎಸ್. ಅಂದು ಕೆಲಸ ಮಾಡಿತು.

ಪರೀಕ್ಷಕರು ಒಳ್ಳೆಯವರು. "ಎರಡೂವರೆಗೆ ನನ್ನ ಬಸ್ಸು. ಅಷ್ಟರೊಳಗೆ ಒಂದೇ ಒಂದು ಸಲ ಓಡಿಸಿ ತೋರಿಸಿ, ಸಹಿ ಹಾಕಿ ಹೋಗ್ತೀನಿ," ಎಂದರು. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಊಟಕ್ಕೆ ಅವರನ್ನು ಸ್ಕೂಟರಿನಲ್ಲಿ ಮನೆಗೆ ಕರೆದುಕೊಂಡು ಹೋದೆ. ಮಾವನವರೂ ಬಂದಿದ್ದರು. ಅವರಿಬ್ಬರನ್ನೂ ಎಲೆ ಮುಂದೆ ಕೂರಿಸಿ, ನಾನು ಒಳಗೆ ಹೋಗಿ ಪ್ರೋಗ್ರಾಮಿನ ಹಾಳೆಗಳನ್ನು ಹರಡಿಕೊಂಡೆ. ಏನೂ ಹೊಳೆಯಲಿಲ್ಲ. ಬಂದು ಕೂತಾಗ ಅವರದು ಮೊಸರನ್ನವೂ ಮುಗಿದಿತ್ತು. ನಾನು ಗಬಗಬ ತಿಂದು ಮುಗಿಸಿ, ಮಾವ "ಏಳೋಣ" ಅನ್ನಲಿ ಎಂದು ತಲೆ ತಗ್ಗಿಸಿ ಕೂತೆ. ಅವರು ಅನ್ನಲಿಲ್ಲ. ಎಲ್ಲರ ಕೈಯೂ ಒಣಗಿತು. ಪರೀಕ್ಷಕರು ಗಡಿಯಾರ ನೋಡಿಕೊಂಡರು.

"ಯಾರಿಗೆ ಕಾಯ್ತಿದ್ದೀರ್ರೀ?" ಎಂದಳು ಜಯಾ. "ಅಪ್ಪ ಏಳೋಣ ಅಂದು ಎಷ್ಟು ಹೊತ್ತಾಯ್ತು! ಆಗ ನೀವಿನ್ನೂ ಕೂತೇ ಇರ್ಲಿಲ್ಲ. ಈಗ ಅವರು ಹೇಳ್ಲಿ ಅಂತ ನೀವು, ನೀವು ಏಳ್ಲಿ ಅಂತ ಅವರು."

ದಡಕ್ಕನೆ ಎದ್ದೆ. ನನ್ನ ಕಂಪ್ಯೂಟರಿನಲ್ಲೂ ಇದೇ! "ಮುಗೀತು" ಎಂದವನು ಕೂರುವ ಮೊದಲೇ ಗಡಿಯಾರ ಕೂಗಿಬಿಡುತ್ತಿತ್ತು. ಆಮೇಲೆ ಕೂತವನು ಆಗಿಹೋದ ಕರೆಗೆ ಕಾಯುತ್ತಿದ್ದ, ಮಿಕ್ಕವರೆಲ್ಲ ಅವನಿಗೆ ಕಾಯುತ್ತಿದ್ದರು. ಮೊದಲು ಪರದೆಯ ಮೇಲೆ ಆ ಸಾಲುಗಳನ್ನು ಬರೆಯುವುದರಲ್ಲಿ ಗಡಿಯಾರ ತಡವಾಗಿ, ಅಷ್ಟರಲ್ಲಿ ಎಲ್ಲರೂ ಕೂತಿರುತ್ತಿದ್ದರು. ನನ್ನನ್ನು ಕಾಪಾಡುತ್ತಿದ್ದ ಸೋಮಾರಿತನವನ್ನು ನಾನೇ ಅಳಿಸಿದ್ದೆ.

ಎಂಜಲು ಕೈಯಲ್ಲೇ ಸ್ಕೂಟರ್ ಒದ್ದೆ. ಲ್ಯಾಬಿಗೆ ಹೋಗಿ, ಕೂರುವ ಮೊದಲು "ಕರೆ ಆಗಿಹೋಯಿತೇ?" ಎಂದು ವಿಚಾರಿಸುವ ಒಂದು ಸಾಲು ಸೇರಿಸಿದೆ. ಹದಿನೇಳು ದಾಟಿತು. ನೂರು, ಸಾವಿರ, ಹತ್ತು ಸಾವಿರ!

"ನೋಡಿ ಸರ್!" ಎಂದು ತಿರುಗಿದೆ. ಬೋರಣ್ಣ ನಿಂತಿದ್ದ.

"ಅವರೆಲ್ಲಿ?"

"ನೀವೇ ಅಲ್ವಾ ಸಾ ಕರ್ಕಂಡೋದೋರು?"

ಮನೆಯಲ್ಲಿ ಫೋನಿಲ್ಲ. ನಾನು ಅತ್ತ ಹೋಗಿ, ಅವರು ಆಟೋದಲ್ಲಿ ಇತ್ತ ಬಂದುಬಿಟ್ಟರೆ? ಅದಕ್ಕೇ ಕದಲದೆ ಕಾದೆ. ಎರಡಾಯಿತು. ಎರಡೂಕಾಲು. ಎರಡೂವರೆ. ಆಮೇಲೆ ಮನೆಗೆ ಹೋದರೆ ಜಯಾ ಬಾಗಿಲಲ್ಲೇ ನಿಂತಿದ್ದಳು.

"ಈಗ ಬಂದ್ರಾ? ನಾವು ಆಟೋದಲ್ಲಿ ಅತ್ತ ಹೋಗಿ, ನೀವು ಸ್ಕೂಟರಲ್ಲಿ ಇತ್ತ ಬಂದ್ಬಿಟ್ರೆ ಅಂತ ನಿಮ್ಮ ಪರೀಕ್ಷಕರು ಪಾಪ ಕದಲದೆ ಕಾದ್ರು ಕಣ್ರೀ. ಆಮೇಲೆ ನೇರ ಬಸ್ ಸ್ಟ್ಯಾಂಡಿಗೆ ಹೋದ್ರು."

ನನಗೆ ನಿಜವಾಗಿಯೂ ಅಳು ಬಂತು. ಮಾವನವರು ಬೆನ್ನು ಸವರಿ, ಏನಾದರೂ ಹೇಳಬೇಕಲ್ಲ ಎಂದು, "ಇನ್ನೊಂದು ಲೋಟ ಮಜ್ಜಿಗೆ ಕುಡೀತೀಯೇನಪ್ಪಾ?" ಎಂದರು.

ಸೋಮವಾರ ಪ್ರಿನ್ಸಿಪಾಲರು ನನ್ನ ಜಾಗವನ್ನು ಚನ್ನರಾಯಪಟ್ಟಣದ ಒಬ್ಬರಿಗೆ ಕೊಟ್ಟಾಯಿತು ಎಂದರು, ಆಗಲೂ ನಗುನಗುತ್ತಲೇ. ನನ್ನ ಪುಸ್ತಕಗಳನ್ನು ತರಲು ಲ್ಯಾಬಿಗೆ ಹೋದೆ. ಸ್ವಿಚ್ ಆರಿಸುವುದನ್ನೂ ಮರೆತು ಹೋಗಿದ್ದೆನಲ್ಲ, ಪರದೆಯ ಮೇಲೆ ಎಣಿಕೆ ಕೋಟಿ ದಾಟಿತ್ತು.

"ಅವತ್ತಿಂದ ಓಡ್ತಾನೇ ಐತೆ ಸಾ," ಎಂದ ಬೋರಣ್ಣ. "ಆಫ್ ಮಾಡ್ಲಾ?"