ರಟ್ಟಿಗಿಂತ ತೆಳ್ಳಗಿದ್ದ ನಮ್ಮ ಬೀದಿ

ಭವಿಷ್ಯದ ನಗರಗಳ ಕಲ್ಪನಾ ಸ್ಟುಡಿಯೋದ ಮುಖ್ಯಸ್ಥರೂ, ಇನ್ನೂ ಹುಟ್ಟದ ನಾಗರಿಕರ ಹಿತಚಿಂತಕರೂ ಆದ ಮಾನ್ಯರೇ,

ತಮ್ಮ ಪಾದಗಳಿಗೆ, ಅವು ನೆಲಕ್ಕೆ ತಾಗುತ್ತಿರುವ ಪಕ್ಷದಲ್ಲಿ, ಅನಂತ ನಮಸ್ಕಾರಗಳು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ತಮ್ಮ ಬಳಿ ವಾಸ್ತುಶಿಲ್ಪ ಓದುತ್ತಿದ್ದಷ್ಟು ಕಾಲವೂ ನನ್ನ ಮನೆ ಎಲ್ಲಿದೆಯೆಂದು ನಾನು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ‘ಸ್ಟೇಷನ್ನಿನ ಆ ಕಡೆ’ ಎಂದು ಕೈ ಬೀಸಿ ಮಾತು ಮರೆಸುತ್ತಿದ್ದೆ. ಸ್ಟೇಷನ್ನಿನ ಆ ಕಡೆ ಎಂದರೆ ಗೋದಾಮುಗಳ ಹಿಂದಿನ ಬೀದಿ; ಅಲ್ಲಿ ನನ್ನ ದೊಡ್ಡಮ್ಮನ ಹಿಟ್ಟಿನ ಗಿರಣಿ, ಗಿರಣಿಯ ಹಿಂದಿನ ಎರಡು ಕೋಣೆಗಳಲ್ಲಿ ದೊಡ್ಡಮ್ಮ, ಅಮ್ಮ ಮತ್ತು ನಾನು. ನನ್ನ ಕೂದಲಿಗೆ ಮೆತ್ತಿರುತ್ತಿದ್ದ ಹಿಟ್ಟನ್ನು ಗೆಳತಿಯರು ಥರ್ಮೋಕೋಲಿನ ಪುಡಿ ಎಂದುಕೊಂಡಾಗ ನಾನೂ ಹೌದೆಂದೆ. ತಾವು ವರ್ಷವಿಡೀ ನಮ್ಮಿಂದ ನಕ್ಷೆ ಬರೆಸಿದ, ‘ಸಾಧ್ಯತೆಯ ಬಯಲು’ ಎಂದು ತಾವೇ ನಾಮಕರಣ ಮಾಡಿದ ಆ ಖಾಲಿ ಜಾಗ ನಮ್ಮ ಬೀದಿಯೇ, ಮಾನ್ಯರೇ.

ಅದು ಖಾಲಿಯಾದ ಬಗೆಯನ್ನು ಮೆಚ್ಚದಿರುವುದು ಹೇಗೆ? ನಗರದ ಮಾದರಿ ಕಟ್ಟಲು ತಾವು ಒಂದು ಸರಳ ನಿಯಮ ಮಾಡಿದ್ದಿರಿ: ಅಳತೆಗೆ ಇಳಿಸಿದ ಮೇಲೆ ರಟ್ಟಿನ ದಪ್ಪಕ್ಕಿಂತ ಕಡಿಮೆ ಎತ್ತರ ಬರುವ ಯಾವುದನ್ನೂ ಅಂಟಿಸಬಾರದು, ಅಂಟಿಸಿದರೆ ಮಾದರಿ ಗಲೀಜಾಗಿ ಕಾಣುತ್ತದೆ. ಅಂಗಡಿಯಲ್ಲಿ ಸಿಗುತ್ತಿದ್ದ ರಟ್ಟು ಎರಡು ಮಿಲಿಮೀಟರ್. ಅಳತೆಗೆ ಇಳಿಸಿದ ನಮ್ಮ ಗಿರಣಿ, ಪಕ್ಕದ ಬಡಗಿಯ ಶೆಡ್ಡು, ಎದುರಿನ ಹೊಲಿಗೆ ಅಂಗಡಿ ಎಲ್ಲವೂ ಒಂದೂವರೆ. ಹೀಗೆ ಅರ್ಧ ಮಿಲಿಮೀಟರಿನ ಕೊರತೆಯಿಂದ ಇಡೀ ಬೀದಿ ನಯವಾದ ಬಿಳಿ ಹಲಗೆಯಾಯಿತು. ಭೂಕಂಪ, ಪ್ರವಾಹ, ಬೆಂಕಿಗಳು ಗದ್ದಲ ಮಾಡಿ ಮುಗಿಸುವ ಕೆಲಸವನ್ನು ತಾವು ಯಾರಿಗೂ ಧೂಳು ತಾಗದಂತೆ ಮುಗಿಸಿದಿರಿ. ಸಂಜೆ ಇದನ್ನು ವಿವರಿಸಿದಾಗ ದೊಡ್ಡಮ್ಮ ಗಿರಣಿಯ ಬೆಲ್ಟು ಬಿಚ್ಚುತ್ತಾ, “ಅಲ್ಲ ಕಣೆ, ನಾನಿರೋ ಗಾತ್ರಕ್ಕೆ ನಂಗೆ ರಟ್ಟಿಗಿಂತ ತೆಳ್ಳಗಿದ್ದೀಯ ಅಂದೋನು ಅವನೊಬ್ಬನೇ. ಒಂದ್ಸಲ ಕರ್ಕೊಂಡ್ ಬಾ, ಟೀ ಕೊಡ್ತೀನಿ” ಎಂದು ತಮ್ಮ ಬಗ್ಗೆ ಬಹಳ ವಿಶ್ವಾಸದಿಂದ ಮಾತಾಡಿದಳು.

ಆ ಬಿಳಿ ಹಲಗೆಯ ಮೇಲೆ ತಾವು ಬೆಳೆಸಿದ ಎರಡು ಸಾವಿರದ ತೊಂಬತ್ತನೇ ಇಸವಿಯ ನಗರವನ್ನು ಹೊಗಳಲು ನನ್ನ ಅರ್ಧ ಓದು ಸಾಲದು. ಸೂರ್ಯನ ಜೊತೆ ತಿರುಗುವ ಗೋಪುರಗಳು, ಗಾಳಿಯಲ್ಲಿ ತೇಲುವ ತೋಟಗಳು, ಉಸಿರಾಡುವ ರಸ್ತೆಗಳು. ಅವುಗಳ ನಡುವೆ ಕೈಯಲ್ಲಿ ಒಂದು ಚೀಲವೂ ಇಲ್ಲದೆ ಅಡ್ಡಾಡುವ, ಮೊಣಕಾಲು ನೋವಿಲ್ಲದ, ಅರ್ಧ ಪಾರದರ್ಶಕವಾದ ಜನ. ಬಟ್ಟೆ ಒಣಹಾಕುವುದು ಎಲ್ಲಿ ಎಂದು ನಾನು ಕೇಳಿದಾಗ ತಾವು, “ಆಗ ಬಟ್ಟೆ ಒದ್ದೆ ಆಗೋದೇ ಇಲ್ಲಮ್ಮ” ಎಂದಿರಿ. ಹಿಟ್ಟು ಎಲ್ಲಿ ಬೀಸಿಸುತ್ತಾರೆ ಎಂದಾಗ ಒಂದು ನಿಟ್ಟುಸಿರು ಬಿಟ್ಟು, “ನಿನ್ನ ಕಲ್ಪನೆಗೆ ಇನ್ನೂ ಹೊಟ್ಟೆ ಇದೆ, ಅದನ್ನ ಮೊದಲು ಬಿಡು” ಎಂದಿರಿ. ಹೊಟ್ಟೆಯನ್ನು ಬಿಡುವುದು ಆಗಲಿಲ್ಲ. ಆದ್ದರಿಂದ ಕಾಲೇಜನ್ನು ಬಿಟ್ಟೆ. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ, ಅಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟದ್ದರಲ್ಲೂ ಇಲ್ಲ.

ಕತೆ ಅಲ್ಲಿಗೇ ನಿಂತಿದ್ದರೆ ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರಲಿಲ್ಲ. ಆದರೆ ಮಾದರಿ ನಗರಸಭೆಯ ಹಾಲಿಗೆ ಪ್ರದರ್ಶನಕ್ಕೆ ಹೋಯಿತು. ಅಧ್ಯಕ್ಷರು ತೇಲುವ ತೋಟವನ್ನು ನೋಡಿ ತಲೆದೂಗಿದರು. ಆಮೇಲೆ ಅವರ ಕಣ್ಣು ತೋಟದ ಕೆಳಗೆ ಖಾಲಿ ಉಳಿದಿದ್ದ ಬಿಳಿ ಹಲಗೆಯ ಮೇಲೆ ಬಿತ್ತು. ಊರ ನಡುವೆ ಇಷ್ಟು ಜಾಗ ಖಾಲಿ ಬಿದ್ದಿದೆಯೆಂದು ತನಗೆ ಯಾರೂ ಹೇಳಿರಲಿಲ್ಲವಲ್ಲ ಎಂದು ಅವರು ನೊಂದುಕೊಂಡರಂತೆ. ಅವರು ತೋಟವನ್ನು ಬಿಟ್ಟರು, ಜಾಗವನ್ನು ಹಿಡಿದರು. ಈಗ ಅಲ್ಲಿ ಬರಲಿರುವುದು ಕಾರು ನಿಲ್ಲಿಸುವ ಕಟ್ಟೆ. ತಮ್ಮ ಮಾದರಿಯನ್ನು ನೋಡಲು ಬರುವವರಿಗೆ ಅನುಕೂಲವಾಗಲಿ ಎಂದು.

ನೋಟಿಸು ಅಂಟಿಸಲು ಬಂದವರು, ‘ಸಾಧ್ಯತೆಯ ಬಯಲಿನಲ್ಲಿ ಅನಧಿಕೃತವಾಗಿ ನೆಲೆಸಿರುವವರಿಗೆ’ ಎಂದು ಗಟ್ಟಿಯಾಗಿ ಓದಿದರು. ಅಮ್ಮ ನಿಜವಾಗಿಯೂ ತಿಳಿಯದೆ, “ಆ ಬಯಲು ಎಲ್ಲಿದೆ ಸ್ವಾಮಿ?” ಎಂದು ಕೇಳಿದಳು. ಅವರು ಸುತ್ತ ನೋಡಿ, “ನೀವು ನಿಂತಿದ್ದೀರಲ್ಲಮ್ಮ, ಅದೇ” ಎಂದರು. ತಾವು ಇಟ್ಟ ಹೆಸರು ಇಷ್ಟು ಬೇಗ ಸರ್ಕಾರಿ ಭಾಷೆಗೆ ಸೇರಿದ್ದಕ್ಕೆ ಅಭಿನಂದನೆಗಳು. ಗಿರಣಿಯ ಕಾಗದಪತ್ರ ಹಿಡಿದು ನಾನು ನಗರಸಭೆಗೆ ಹೋದಾಗ ಅಲ್ಲಿನ ಅಧಿಕಾರಿ ನನ್ನನ್ನು ಮಾದರಿಯ ಬಳಿಗೆ ಕರೆದೊಯ್ದು, ಹಲಗೆಯ ಮೇಲೆ ಬೆರಳಾಡಿಸಿ, “ಎಲ್ಲಮ್ಮಾ ನಿಮ್ಮನೆ? ತೋರ್ಸು” ಎಂದರು. ತಾವು ಅಲ್ಲೇ ಕೈಕಟ್ಟಿ ನಿಂತಿದ್ದಿರಿ. ರಟ್ಟು ದಪ್ಪವಾಗಿತ್ತು ಎಂಬ ಒಂದು ಮಾತು ಹೇಳಿ ಸರ್, ಅಷ್ಟು ಸಾಕು ಎಂದು ನಾನು ಬೇಡಿಕೊಂಡೆ. ತಾವು, “ನಮ್ಮದು ಬರೀ ಊಹೆ ಕಣಮ್ಮ, ಆಡಳಿತದಲ್ಲಿ ನಾವು ಕೈ ಹಾಕಲ್ಲ” ಎಂದಿರಿ. ಊಹೆಗೆ ಬೀದಿಯನ್ನು ಅಳಿಸುವಷ್ಟು ಉದ್ದದ ಕೈ ಇರುವುದು, ಅದನ್ನು ಉಳಿಸುವ ಹೊತ್ತಿಗೆ ಆ ಕೈ ಕಟ್ಟಿಕೊಳ್ಳುವುದು, ಇದನ್ನು ಪಠ್ಯದಲ್ಲಿ ಸೇರಿಸಿದ್ದರೆ ನಾನು ಕಾಲೇಜು ಬಿಡುತ್ತಿರಲಿಲ್ಲವೇನೋ.

ಆದುದರಿಂದ ನನ್ನ ವಿನಮ್ರ ಬೇಡಿಕೆಗಳನ್ನು ಪರಿಶೀಲಿಸಬೇಕು. ನಮ್ಮ ಬೀದಿಯವರನ್ನೆಲ್ಲ ಅರ್ಧ ಮಿಲಿಮೀಟರ್ ಎತ್ತರಿಸಿಕೊಡಬೇಕು. ಅದು ಕಷ್ಟವೆಂದರೆ ಒಳ್ಳೆಯ ಅಂಗಡಿಯಿಂದ ತೆಳುವಾದ ರಟ್ಟು ತರಿಸಬೇಕು. ನಮ್ಮ ಮೂವರನ್ನು ಪಾರದರ್ಶಕರನ್ನಾಗಿ ಮಾಡಿ ತೇಲುವ ತೋಟದ ಒಂದು ಮೂಲೆಯಲ್ಲಿ ನಿಲ್ಲಿಸಬೇಕು. ದೊಡ್ಡಮ್ಮನ ಮೂಲಕ ಹಿಂದಿನ ಗೋಪುರ ಕಾಣುವಂತೆ ಮಾಡಲು ತಮ್ಮ ಅತ್ಯಂತ ಜಾಣ ವಿದ್ಯಾರ್ಥಿಯೇ ಬೇಕಾದೀತು. ತಮ್ಮ ನಗರ ಬಾಗಿಲು ತೆರೆಯುವುದು ತೊಂಬತ್ತರಲ್ಲಿ, ನಮ್ಮ ಬಾಗಿಲು ಮುಚ್ಚುವುದು ಈ ವಾರ. ನಡುವಿನ ವರ್ಷಗಳಲ್ಲಿ ಗಿರಣಿಯ ಕಲ್ಲುಗಳನ್ನೂ ನಮ್ಮ ಹಾಸಿಗೆಗಳನ್ನೂ ಎಲ್ಲಿ ಇಡಬೇಕೆಂದು ಒಂದು ಚಿತ್ರ ಬರೆದು ತೋರಿಸಬೇಕು. ಬಣ್ಣ ತುಂಬದಿದ್ದರೂ ನಡೆಯುತ್ತದೆ.

ತಮ್ಮ ವಿಶ್ವಾಸಿ,
ಓದು ಬಿಟ್ಟ ಹಿಟ್ಟಿನ ಗಿರಣಿಯ ಹುಡುಗಿ

ಮರೆತ ಮಾತು: ಮುಂದಿನ ಅವಧಿಗೆ ತಾವು ಕೊಡಲಿರುವ ವಿಷಯ ‘ಎತ್ತಂಗಡಿಯಾದವರ ಬದುಕು’ ಎಂದೂ, ಮಕ್ಕಳನ್ನು ಕರೆದುಕೊಂಡು ಅಂಥವರ ಬಳಿ ಹೋಗಿ ಮಾತಾಡಿಸಲಿದ್ದೀರೆಂದೂ ಗೆಳತಿ ಹೇಳಿದಳು. ನಮ್ಮಲ್ಲಿಗೇ ಬರುವ ಮನಸ್ಸಿದ್ದರೆ ಇವತ್ತೇ ಬನ್ನಿ. ಮೋಟರು ಬಿಚ್ಚಿಟ್ಟಿದ್ದೇವೆ, ಲಾರಿಗೆ ಹೇಳಿದ್ದೇವೆ. ನಾಳೆ ಬೆಳಿಗ್ಗೆ ಹೊರಡುತ್ತೇವೆ.