ಒಬ್ಬನಿಗಾಗಿ ಒಂದು ಗ್ಲಾಸು

ಮುರಿಗೆಪ್ಪ ತನ್ನ ಬದುಕಿನಲ್ಲಿ ಒಬ್ಬನಿಗಾಗಿ ಎಂದು ಏನನ್ನೂ ಮಾಡಿದವನಲ್ಲ. ಘೋಷಣೆ ಕೂಗಿದರೆ ಇಡೀ ಗಿರಣಿಯ ಪರವಾಗಿ ಕೂಗಿದ. ಜೈಲಿಗೆ ಹೋದರೆ ಲಾರಿ ತುಂಬ ಜನರ ಜೊತೆ ಹೋದ. ಧರಣಿಯಲ್ಲಿ ಖಿಚಡಿ ಬೇಯಿಸಿದರೆ ಮೈದಾನ ತುಂಬಿ ಕೂತವರಿಗೆಲ್ಲ ಬೇಯಿಸಿದ. ಅಂಥವನು ಮೇ ತಿಂಗಳ ಒಂದು ಮಧ್ಯಾಹ್ನ, ಪರೇಲಿನ ಚಾಳಿನ ತನ್ನ ಖೋಲಿಯ ನಡುಮಧ್ಯೆ ನಿಂತು, ಲುಂಗಿ ಎತ್ತಿ ಕಟ್ಟಿ, ಗೋಡೆಗೆ ಮುಖ ಮಾಡಿ ಭಾಷಣದ ದನಿಯಲ್ಲಿ ಸಾರಿದ:

"ಇವತ್ತು ಈ ಮುರಿಗೆಪ್ಪ ತನಗಾಗಿ, ಬರೇ ತನಗಾಗಿ, ಒಂದು ಗ್ಲಾಸು ಮಾಡ್ಕೊಂಡು ಕುಡೀತಾನ. ಯಾರಪ್ಪನ ಅಂಜಿಕಿ ಐತಿ?"

ಯಾರಪ್ಪನ ಅಂಜಿಕೆಯೂ ಇರಲಿಲ್ಲ. ಇದ್ದದ್ದು ಹೆಂಡತಿ ನೀಲಾವತಿಯ ಅಂಜಿಕೆ. ಅವಳು ಚಾಳಿನ ಹೆಂಗಸರ ದಾರೂಬಂದಿ ಸಮಿತಿಯ ಅಧ್ಯಕ್ಷೆ. ಚಾಳಿನೊಳಗೆ ಯಾರ ಮನೆಯಲ್ಲಾದರೂ ದಾರೂ ಸಿಕ್ಕಿತೆಂದರೆ, ಹೆಂಗಸರೆಲ್ಲ ಆ ಬಾಗಿಲ ಮುಂದೆ ನೆರೆದು ಸೌಟಿನಿಂದ ತಾಟು ಬಡಿಯುತ್ತಿದ್ದರು. ಆಮೇಲೆ ತಪ್ಪಿತಸ್ಥ ಗಂಡಸು ಮೇಲಿನ ಮಜಲಿನಿಂದ ಕೆಳಗಿನವರೆಗೆ ಎಲ್ಲರ ಕಣ್ಣೆದುರು ಮೆಟ್ಟಿಲು ಗುಡಿಸಬೇಕು. ಆ ತಾಟಿನ ಸದ್ದು ಒಮ್ಮೆ ಕೇಳಿಸಿಕೊಂಡವನು ಮುಂದೆ ಕಷಾಯ ಕುಡಿಯುವಾಗಲೂ ಬಾಗಿಲ ಕಡೆ ನೋಡುತ್ತಿದ್ದ. ಈ ಅಮೋಘ ಕಾನೂನನ್ನು ರಚಿಸಿ, ಅಂಗಳದಲ್ಲಿ ಸ್ಟೂಲು ಹತ್ತಿ ಜಾರಿಗೆ ತಂದ ಮಹಾಪುರುಷ ಬೇರೆ ಯಾರೂ ಅಲ್ಲ, ಸ್ವತಃ ಮುರಿಗೆಪ್ಪ.

ಹಾಗಂತ ಅವನು ಕುಡುಕನೇನಲ್ಲ. ಬೇಸಿಗೆ ಶುರುವಾದಾಗಿನಿಂದ ಅವನ ಹೊಟ್ಟೆ ಮುಷ್ಕರ ಹೂಡಿತ್ತು. ರೊಟ್ಟಿ ಕಂಡರೆ ಮುಖ ತಿರುಗಿಸುತ್ತಿತ್ತು. ಔಷಧಿ ಆಯಿತು, ಓಮಿನ ನೀರಾಯಿತು, ಯಾವುದಕ್ಕೂ ಸಂಧಾನಕ್ಕೆ ಬರಲಿಲ್ಲ. ಆಗ ಅಂಧೇರಿಯ ಹೋಟೆಲೊಂದರಲ್ಲಿ ಪಾರ್ಟಿಗಳ ವ್ಯವಸ್ಥೆ ನೋಡಿಕೊಳ್ಳುವ ಮಗಳು ವಿನೋದಿನಿ, ಅವ್ವನ ಕಣ್ಣು ತಪ್ಪಿಸಿ ಒಂದು ಚೀಲ ತಂದುಕೊಟ್ಟಳು. ಒಳಗೆ ಗುಳ್ಳೆ ಏಳುವ ವೈನಿನ ಬಾಟಲಿ, ಕಿತ್ತಳೆ ಬಣ್ಣದ ಕಹಿ ಮದ್ಯದ ಬಾಟಲಿ, ಒಂದು ಸೋಡಾ, ಎರಡು ಕಿತ್ತಳೆ ಹಣ್ಣು.

"ಪಪ್ಪಾ, ಇದು ದಾರೂ ಟೈಪ್ ಅಲ್ಲ. ಅಪೆರಿಟಿಫ್. ಸಾಹೇಬ್ ಲೋಗ್ ಊಟದ ಮುಂಚೆ ಕುಡೀತಾರೆ, ಭೂಕ್ ಬರ್ತದೆ, ಹಸಿವು. ಏಕದಮ್ ಸಿಂಪಲ್. ಗ್ಲಾಸಿಗೆ ಐಸ್, ವೈನ್ ಥೋಡಾ ಜಾಸ್ತಿ, ಕಡುವಾವಾಲಾ, ಅಂದ್ರೆ ಕಹಿದು, ಥೋಡಾ ಕಮ್ತಿ, ಮೇಲೆ ಸೋಡಾ ಬರೀ ಇಷ್ಟೇ, ಒಂದು ಪೀಸ್ ಸಂತ್ರಾ. ಖತಮ್."

"ಇಷ್ಟಕ್ಕ ಇಷ್ಟು ಭಾಷಣಾನ? ಮೈದಾನದ ಮಂದಿಗೆ ಖಿಚಡಿ ಹಾಕಿದ ಕೈ ಇದು."

"ಪಪ್ಪಾ, ಇದು ಒಬ್ಬರಿಗೆ" ಎಂದಳು ವಿನೋದಿನಿ. ಆ ಮಾತಿನಲ್ಲಿ ಎಚ್ಚರಿಕೆ ಇದ್ದದ್ದು ಅವನಿಗೆ ಆಮೇಲೆ ತಿಳಿಯಿತು.

ಅವತ್ತು ನೀಲಾವತಿ ದಾದರಿಗೆ ಹೋಗಿದ್ದಳು. ಓಣಿಯ ತುದಿಯಲ್ಲಿ ಹೊಸದಾಗಿ ತೆರೆದ ಬಾರಿನ ವಿರುದ್ಧ ಮಾರನೆಯ ದಿನ ಮೋರ್ಚಾ. ಬ್ಯಾನರ್ ಬರೆಸಿಕೊಂಡು ಸಂಜೆಗೆ ಬರುವವಳಿದ್ದಳು. ಮುರಿಗೆಪ್ಪ ಕದ ಹಾಕಿ ಕೆಲಸ ಶುರು ಮಾಡಿದ.

ಮೊದಲು ಸ್ಟೀಲಿನ ಗ್ಲಾಸಿಗೆ ಐಸ್ ಹಾಕಿದ. ಮೇಲೆ ಕಹಿ ಬಾಟಲಿ ಬಗ್ಗಿಸಿದ. ಕೊಪ್ಪರಿಗೆಗೆ ಎಣ್ಣೆ ಸುರಿದ ಕೈಗೆ 'ಥೋಡಾ' ಎಂದರೆ ಏನೆಂದು ಗೊತ್ತಿಲ್ಲ. ಬಾಟಲಿ ನೆಟ್ಟಗಾಗುವಷ್ಟರಲ್ಲಿ ಗ್ಲಾಸು ತುಂಬಿತ್ತು. ವೈನು ಇದಕ್ಕಿಂತ ಜಾಸ್ತಿ ಇರಬೇಕಲ್ಲ? ಗ್ಲಾಸನ್ನು ತಂಬಿಗೆಗೆ ಸುರಿದ. ವೈನಿನ ಬಾಟಲಿಯನ್ನು ತೊಡೆಗಳ ನಡುವೆ ಅವಚಿ, ಹಲ್ಲು ಕಚ್ಚಿ ಬಿರಡೆ ತಿರುವಿದ. ಅದು ಅಶ್ರುವಾಯುವಿನ ಶೆಲ್ಲಿನಂತೆ ಢಂ ಎಂದು ಹಾರಿ, ಫ್ಯಾನಿಗೆ ಬಡಿದು ಎಲ್ಲೋ ಮಾಯವಾಯಿತು. ಮುರಿಗೆಪ್ಪ ಹಳೆಯ ಅಭ್ಯಾಸದಂತೆ ಟವೆಲ್ಲು ಮೂಗಿಗೆ ಒತ್ತಿ ನೆಲಕ್ಕೆ ಕೂತ. ಪೊಲೀಸರು ಬಂದಿಲ್ಲವೆಂದು ಖಾತ್ರಿಯಾಗಿ ಎದ್ದಾಗ ಬಾಟಲಿ ನೊರೆ ಕಾರುತ್ತಿತ್ತು. ಗಾಬರಿಯಲ್ಲಿ ಅಷ್ಟನ್ನೂ ತಂಬಿಗೆಗೆ ಬಗ್ಗಿಸಿದ. ತಂಬಿಗೆ ಉಕ್ಕಿತು. ಬೇರೆ ದಾರಿ ಕಾಣದೆ ಮಂಚದ ಕೆಳಗಿನಿಂದ ಧರಣಿಯ ಖಿಚಡಿ ಬೇಯಿಸುವ ಪತೇಲಿ ಎಳೆದು ಅದರೊಳಗೆ ಸುರಿದ.

ಕೆಟ್ಟದ್ದು ಅಲ್ಲೇ. ಪತೇಲಿ ದೊಡ್ಡದು, ತಳ ಮಾತ್ರ ತೇವವಾಯಿತು. ಪತೇಲಿಯ ತಳ ಕಾಣುವುದೆಂದರೆ ಪಂಕ್ತಿಯ ಕೊನೆಯಲ್ಲಿ ಕೂತವರು ಉಪವಾಸ ಬೀಳುತ್ತಾರೆ ಎಂದರ್ಥ. ಮುರಿಗೆಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಪಂಕ್ತಿಯೇ ಇಲ್ಲವೆಂಬುದು ನೆನಪಿಗೆ ಬರುವ ಮೊದಲೇ ಕೈ ಓಡಿತ್ತು. ಸೋಡಾ ಪೂರ್ತಿ ಬಿತ್ತು. ಮೇಲೊಂದು ಕೊಡ ನೀರು ಬಿತ್ತು. ಬಣ್ಣ ಸತ್ತಿತೆಂದು ಕಹಿ ಬಾಟಲಿ ಖಾಲಿಯಾಯಿತು. ಕಹಿ ಹೆಚ್ಚಾಗಿರಬೇಕೆಂದು ಸಕ್ಕರೆ ಡಬ್ಬಿಯೂ ಖಾಲಿಯಾಯಿತು. ಕಿತ್ತಳೆ ಹಿಂಡಿದ, ತೊಳೆ ತೇಲಿಬಿಟ್ಟ, ಫ್ರಿಜ್ಜಿನ ಐಸ್ ಎಲ್ಲ ಬಡಿದು ಹಾಕಿದ, ಸೌಟು ಆಡಿಸಿದ. ರುಚಿ ಮಾತ್ರ ನೋಡಲಿಲ್ಲ. ಧರಣಿಯ ಅಡುಗೆಯಲ್ಲಿ ಪಂಕ್ತಿ ಉಣ್ಣುವ ಮೊದಲು ಬೇಯಿಸಿದವನು ನಾಲಗೆಗೆ ಹಚ್ಚುವಂತಿಲ್ಲ. ಆ ಕಾನೂನೂ ಅವನದೇ.

ಕೊನೆಗೆ ಸೊಂಟ ನೆಟ್ಟಗೆ ಮಾಡಿ ನೋಡಿದ. ಒಬ್ಬನಿಗಾಗಿ ಮಾಡಿದ ಒಂದು ಗ್ಲಾಸು, ಇಡೀ ಚಾಳಿಗೆ ಸಾಕಾಗುವಷ್ಟು, ಪತೇಲಿಯಲ್ಲಿ ಹೊಳೆಯುತ್ತ ಬುಸುಗುಡುತ್ತಿತ್ತು.

ಅಷ್ಟರಲ್ಲಿ ಕದ ಬಡಿದ ಸದ್ದು.

"ಏನ್ರಿ, ಹಗಲಿನಾಗ ಕದ ಯಾಕ ಹಾಕ್ಕೊಂಡೀರಿ?"

ಖಾಲಿ ಬಾಟಲಿಗಳನ್ನು ಗ್ಯಾಸ್ ಸಿಲಿಂಡರಿನ ಹಿಂದೆ ತುರುಕಿ ಕದ ತೆಗೆದ. ನೀಲಾವತಿಯ ಕಂಕುಳಲ್ಲಿ ಬಿಳಿ ಬಟ್ಟೆಯ ಸುರುಳಿ, ಮುಖದಲ್ಲಿ ಸಿಟ್ಟು. ಹಿಂದೆಯೇ ಪಕ್ಕದ ಖೋಲಿಯ ಬೀಬೀಜಾನ, ಸಮಿತಿಯ ಕಾರ್ಯದರ್ಶಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಆ ಪೇಂಟರ್ ಊರಿಗೆ ಹೋಗ್ಯಾನಂತ" ಎಂದಳು ನೀಲಾವತಿ. "ಅಂಗಡಿಯವ ಪ್ಲಾಸ್ಟಿಕ್ ಬ್ಯಾನರ್ ಹೊಡೀತೀನಿ ಅಂದ. ನಾ ಬ್ಯಾಡ ಅಂದು ಅರಬಿ ತಂದೆ. ಈಗ ಬಣ್ಣ ಎಲ್ಲಿಂದ ತರೋದು?"

ಬೀಬೀಜಾನಳ ಕಣ್ಣು ಆಗಲೇ ಪತೇಲಿಯ ಮೇಲೆ ಬಿದ್ದಿತ್ತು.

"ಯಾ ಅಲ್ಲಾ, ಶರಬತ್ತು. ಮುರಿಗೆಪ್ಪಣ್ಣ, ದಾದರಿನಿಂದ ಇಲ್ಲೀತನಕ ಗಂಟಲು ಸೂಖಾ ಆಗೈತ್ರಿ. ನಿಮಗ ಹೆಂಗ ಗೊತ್ತಾತು?"

ಹೇಳುತ್ತಲೇ ಸ್ಟೀಲಿನ ಗ್ಲಾಸು ಎತ್ತಿ ಮುಳುಗಿಸಿ, ತುಟಿಯ ಹತ್ತಿರ ತಂದಳು. ಐದು ಹೊತ್ತು ನಮಾಜು ಮಾಡುವ ಹೆಂಗಸು. ಗಿರಣಿ ಮುಷ್ಕರದಲ್ಲಿ ಹೆಂಗಸರೂ ಜೈಲಿಗೆ ಹೋದಾಗ ತನ್ನ ಪಾಲಿನ ರೊಟ್ಟಿ ನೀಲಾವತಿಗೆ ಕೊಟ್ಟವಳು. ಒಂದು ಹನಿ ಅವಳ ಬಾಯಿಗೆ ಬಿದ್ದರೆ ತಾಟು ಬಡಿಸಿಕೊಂಡರೂ ಸಾಲದು, ಮೆಟ್ಟಿಲು ಗುಡಿಸಿದರೂ ಸಾಲದು. ಮುರಿಗೆಪ್ಪ ಹಾರಿ ಅವಳ ಕೈಯಿಂದ ಗ್ಲಾಸು ಕಿತ್ತುಕೊಂಡ.

"ಬೀಬೀ, ಕುಡೀಬ್ಯಾಡ. ಅದು ಬಣ್ಣ."

ನೀಲಾವತಿ ಪತೇಲಿಯ ಹತ್ತಿರ ಬಂದಳು.

"ಬಣ್ಣ?" ಎಂದು ಕೇಳಿದಳು.

"ಬ್ಯಾನರಿಗೆ. ಪೇಂಟರ್ ಕೈ ಕೊಡ್ತಾನಂತ ನನಗ ಮೊದಲಾ ಅನಸಿತ್ತು."

"ಬಣ್ಣಕ್ಕ ಐಸ್ ಯಾಕ?"

"ಬಿಸಲಿಗೆ ಕೆಡ್ತೈತಿ."

"ಸಂತ್ರಾ ತೊಳಿ?"

"ಕೆಮಿಕಲ್ ಬ್ಯಾಡ ಅಂತ ನೀನಾ ಅಂತಿದ್ದೆಲ್ಲ. ಇದು ಹಣ್ಣಿನ ಬಣ್ಣ."

"ಗುಳ್ಳಿ ಯಾಕ ಏಳಾಕತ್ತಾವ?"

"ತಾಜಾ ಐತಿ, ಅದಕ್ಕ."

ನೀಲಾವತಿ ಬಗ್ಗಿ ಒಮ್ಮೆ ಮೂಸಿದಳು. ಮುರಿಗೆಪ್ಪನ ಕಿವಿಯಲ್ಲಿ ತಾಟಿನ ಸದ್ದು ಶುರುವಾಯಿತು. ಅವಳು ಎದ್ದು, ಬಟ್ಟೆಯ ಸುರುಳಿ ಬಿಚ್ಚಿ ನೆಲಕ್ಕೆ ಹಾಸಿದಳು.

"ಚಲೋ ಆತು. ಬರೀರಿ."

ಬೀಬೀಜಾನ ಬ್ರಷ್ಷು ತಂದಳು. ಗಿರಣಿಯ ಗೋಡೆಗಳ ಮೇಲೆ ರಾತ್ರೋರಾತ್ರಿ ಘೋಷಣೆ ಬರೆದು ಹೆಸರು ಮಾಡಿದ್ದ ಮುರಿಗೆಪ್ಪ ಮೊಣಕಾಲೂರಿ ಕೂತು, ಮಗಳು ಪ್ರೀತಿಯಿಂದ ತಂದ ಮದ್ಯದಲ್ಲಿ ಬ್ರಷ್ಷು ಅದ್ದಿ, ಮರಾಠಿಯಲ್ಲಿ ಆಳೆತ್ತರದ ಅಕ್ಷರಗಳಲ್ಲಿ 'ದಾರೂ ಬಂದ್ ಕರಾ' ಎಂದು ಬರೆದ. ಬೆವರು ಮೂಗಿನ ತುದಿಯಿಂದ ಬಟ್ಟೆಗೆ ತೊಟ್ಟಿಕ್ಕುತ್ತಿತ್ತು.

"ಮುರಿಗೆಪ್ಪಣ್ಣ, ಇಷ್ಟ್ಯಾಕ ಬೆವರಾಕತ್ತೀರಿ?" ಬೀಬೀಜಾನ ಕೇಳಿದಳು.

"ಭಾವನಾ ಬೀಬೀ, ಭಾವನಾ."

ಬ್ಯಾನರನ್ನು ಗ್ಯಾಲರಿಯ ಕಟಾಂಜನಕ್ಕೆ ಒಣಹಾಕಿದರು. ಉಳಿದದ್ದನ್ನು ನೀಲಾವತಿ ತನ್ನ ಕೈಯಾರೆ ಮೋರಿಗೆ ಚೆಲ್ಲಿದಳು. ಮುರಿಗೆಪ್ಪ ಅದು ಹರಿದುಹೋಗುವುದನ್ನು ಸಂಗಾತಿಯ ಹೆಣಕ್ಕೆ ಹೆಗಲು ಕೊಡುವವನ ಮುಖ ಮಾಡಿಕೊಂಡು ನೋಡಿದ. ಒಂದು ಗುಟುಕೂ ಒಳಗೆ ಹೋಗಿರಲಿಲ್ಲ.

ಸಂಜೆಗೆ ಬ್ಯಾನರ್ ಒಣಗಿತು. ಒಣಗಿದ ಮೇಲೆ ಅಕ್ಷರವೇ ಕಾಣದು. ಮಗುವಿನ ಉಚ್ಚೆಯ ಕಲೆಯಂತೆ ಎಲ್ಲೋ ಒಂದಿಷ್ಟು ಹಳದಿ. ಬೀಬೀಜಾನ ಲೊಚಗುಟ್ಟಿ ಹೋದಳು. ನೀಲಾವತಿ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಅವಳು ಬಯ್ದಿದ್ದರೆ ಮುರಿಗೆಪ್ಪನಿಗೆ ನಿದ್ದೆ ಬರುತ್ತಿತ್ತು.

ಬೆಳಿಗ್ಗೆ ಅಂಗಳದಲ್ಲಿ ಗದ್ದಲ. ತನ್ನ ಬಾಗಿಲಿಗೇ ತಾಟುಗಳು ಬಂದವೆಂದು ಮುರಿಗೆಪ್ಪ ಎದೆ ಹಿಡಿದುಕೊಂಡು ಹೊರಗೆ ಬಂದ. ಚಾಳಿನವರೆಲ್ಲ ಕತ್ತು ಎತ್ತಿ ಬ್ಯಾನರ್ ನೋಡುತ್ತಿದ್ದರು. ಸಕ್ಕರೆಯ ವಾಸನೆ ಹಿಡಿದು ಚಾಳಿನ ಇರುವೆಗಳೆಲ್ಲ ಬಂದು ಅಕ್ಷರಗಳ ಮೇಲೆ ಒತ್ತೊತ್ತಾಗಿ ಕೂತಿದ್ದವು. ದೀರ್ಘ ಕೊಂಬು ಒಂದೂ ತಪ್ಪಿಲ್ಲದೆ, ಕರ್ರಗೆ, ಓಣಿಯ ತುದಿಗೂ ಕಾಣುವಂತೆ: ದಾರೂ ಬಂದ್ ಕರಾ. ಅಕ್ಷರಗಳು ಸಣ್ಣಗೆ ಅಲ್ಲಾಡುತ್ತಲೂ ಇದ್ದವು.

"ಮುರಿಗೆಪ್ಪಣ್ಣ, ಕಮಾಲ್ ಮಾಡಿದ್ರಿ" ಎಂದಳು ಬೀಬೀಜಾನ. "ಇರಿವಿನೂ ಮೋರ್ಚಾಕ್ಕ ಕರದೀರಲ್ಲ."

ಹೆಂಗಸರು ಬ್ಯಾನರನ್ನು ಇರುವೆಗಳ ಸಮೇತ ಹುಷಾರಾಗಿ ಇಳಿಸಿಕೊಂಡು ಹೊರಟರು. ಮುರಿಗೆಪ್ಪ ಎದೆ ಉಬ್ಬಿಸಿ ಅವರ ಹಿಂದೆ ಒಂದು ಹೆಜ್ಜೆ ಇಟ್ಟ.

"ನೀವು ನಿಂದರ್ರಿ" ಎಂದಳು ನೀಲಾವತಿ.

ಬಾವುಟದ ಕೋಲುಗಳಿಗಾಗಿ ಅವಳು ಅಟ್ಟ ಹತ್ತಿದ್ದಳು. ಈಗ ಅಂಗೈ ಬಿಚ್ಚಿದಳು. ಮಧ್ಯದಲ್ಲಿ ಬಾಟಲಿಯ ಬಿರಡೆ ಅಣಬೆಯಂತೆ ಕೂತಿತ್ತು.

ಮುರಿಗೆಪ್ಪನ ಎದೆಯ ಗಾಳಿ ಇಳಿಯಿತು. "ಬಡಿ" ಎಂದ. "ತಾಟು ತಗೊಂಡು ಬಡಿ. ಕಾನೂನು ನಂದಾ ಐತಿ."

"ನಿನ್ನೆ ಮೂಸಿದಾಗಲೇ ಗೊತ್ತಾತು. ದಾರೂ ಹಿಡಿಯೋದಾ ನನ್ನ ಕೆಲಸ. ಐಸ್ ಹಾಕಿದ ಬಣ್ಣಾ ಅಂತ, ಬಣ್ಣಾ."

"ಮತ್ತ ಆಗ ಯಾಕ ಅನಲಿಲ್ಲ?"

"ಬೀಬೀ ಕೈಯಿಂದ ಗ್ಲಾಸು ಕಸಗೊಂಡ್ರೆಲ್ಲ, ಅದನ್ನ ನೋಡಿ ಬಾಯಿ ಮುಚ್ಚಿಕೊಂಡೆ. ನೀವೂ ಕುಡಿದಿಲ್ಲ, ಅದೂ ಗೊತ್ತೈತಿ."

"ಅದು ಹೆಂಗ?"

"ಕುಡಿದವರ ಅಕ್ಷರ ಅಷ್ಟು ನೆಟ್ಟಗ ಬರ್ತಾವೇನು? ಹೋಗ್ರಿ, ತಾಟು ಮಾಫ್."

ಮುರಿಗೆಪ್ಪನಿಗೆ ಜಾಮೀನು ಸಿಕ್ಕಷ್ಟು ಹಗುರವಾಯಿತು. ಕೈ ಮುಗಿಯುವುದೊಂದು ಬಾಕಿ. ಅಷ್ಟರಲ್ಲಿ ನೀಲಾವತಿ ಬಾಗಿಲ ಹಿಂದಿನ ಪೊರಕೆ ತೆಗೆದು ಅವನ ಕೈಗಿತ್ತಳು.

"ಇದು ಮಾಫ್ ಇಲ್ಲ. ಮ್ಯಾಲಿಂದ ಕೆಳಗಿನತನಕ. ಯಾರರ ಕೇಳಿದ್ರ, ಇರಿವಿ ಆಗ್ಯಾವ ಅನ್ರಿ."

ಅವಳು ಘೋಷಣೆ ಕೂಗುತ್ತ ಇಳಿದುಹೋದಳು. ಮುರಿಗೆಪ್ಪ ಮೇಲಿನ ಮಜಲಿನಿಂದ ಗುಡಿಸುತ್ತ ಬಂದ. ನಡುವಿನ ಮೆಟ್ಟಿಲಿಗೆ ಬಂದಾಗ ಹೊಟ್ಟೆಯೊಳಗೆ ಏನೋ ಗುರ್ರೆಂದಿತು. ನಿಂತು ಆಲಿಸಿದ. ಹಸಿವು. ಇಡೀ ಬೇಸಿಗೆಯಲ್ಲಿ ಕಾಣದಂಥ, ಗಿರಣಿಯ ದಿನಗಳ ಹಸಿವು.

ಜೇಬಿನಲ್ಲಿ ಫೋನು ರಿಂಗಾಯಿತು. ವಿನೋದಿನಿ.

"ಪಪ್ಪಾ, ಹೇಗಿತ್ತು? ಭೂಕ್ ಬಂತಾ?"

"ಭಾಳ ಚಲೋ ಔಷಧ ಐತಿ ಮಗಾ" ಎಂದ ಮುರಿಗೆಪ್ಪ. "ಆದರ ಅದನ್ನ ಕುಡೀಬಾರದು, ಮೆಟ್ಟಲಾ ಗುಡಿಸಿ ಅರಗಿಸಿಕೋಬೇಕು. ನಿಮ್ಮ ಸಾಹೇಬರಿಗೂ ಒಂದೊಂದು ಪೊರಕಿ ಕೊಟ್ಟು ನೋಡು."