ಬಸ್ಸು ಕೇಳಲು ಕಾರಿನಲ್ಲಿ ಹೋದದ್ದು

ಕಾರು ಕೊಳ್ಳುವವರೆಲ್ಲ ಎಲ್ಲಿಗೋ ಹೋಗುವುದಕ್ಕೆ ಕೊಳ್ಳುತ್ತಾರೆ ಎಂದು ನಂಬಿರುವವರು ಒಮ್ಮೆ ನಮ್ಮೂರಿಗೆ ಬಂದು ನೋಡಬೇಕು. ಬೇಗೂರಿನಿಂದ ಸ್ವಲ್ಪ ಒಳಕ್ಕಿರುವ ಊರು. ಇಲ್ಲಿ ಕಾರು ಇರುವುದು ಮನೆ ಮುಂದೆ ನಿಲ್ಲುವುದಕ್ಕೆ. ನಿಂತರೆ ಸಾಕು, ಅದರ ಕೆಲಸ ಮುಗಿಯಿತು. ಸಂಬಂಧ ನೋಡಲು ಬಂದವರು ಮೊದಲು ಕಾರು ನೋಡುತ್ತಾರೆ, ಆಮೇಲೆ ಗಂಡು. ಬಾನೆಟ್ಟಿನ ಮೇಲೆ ಹುರುಳಿಕಾಳು ಒಣಗುತ್ತದೆ, ಚಕ್ರದ ನೆರಳಿನಲ್ಲಿ ಕೋಳಿ ಕಾವಿಗೆ ಕೂರುತ್ತದೆ. ನಾನೂ ಒಂದು ಕೊಂಡೆ. ಮೈಸೂರಿನ ಡಾಕ್ಟರೊಬ್ಬರು ಓಡಿಸಿ ಓಡಿಸಿ ಸಾಕಾಗಿ ಬಿಟ್ಟದ್ದು. ಆದರೇನು, ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದವನಿಗೆ ಅದು ಡಾಕ್ಟರ ಡಿಗ್ರಿ ಸರ್ಟಿಫಿಕೇಟಿಗಿಂತ ಕಡಿಮೆಯದೇನಲ್ಲ. ಹಿಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಶ್ರಮವೇ ದೇವರು’ ಎಂದು ಬರೆಸಿದೆ. ದೇವರು ಹೊಗೆ ಬಿಡುತ್ತಾ ಚೆನ್ನಾಗಿಯೇ ಓಡುತ್ತಿತ್ತು.

ನನ್ನದು ಚಾಮರಾಜನಗರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ರೈತರ ಸುಟ್ಟುಹೋದ ಪಂಪ್‌ಸೆಟ್ ಮೋಟರು ಬಿಚ್ಚಿ, ಹಳೇ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು. ನಾನು ಸುತ್ತಿದ್ದು ಸುಲಭಕ್ಕೆ ಸುಡುವುದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವವರೆಗೂ ಕಾಯುತ್ತಾ ಕೂರುವ ಸ್ವಭಾವ ನನ್ನದಲ್ಲ. ಇನ್ನೊಂದು ವಿಷಯ, ತಂತಿ ಸುತ್ತುವುದು ಕನಸು ಕಾಣಲು ಹೇಳಿ ಮಾಡಿಸಿದ ಕಸುಬು. ಕೈ ತನ್ನ ಪಾಡಿಗೆ ಸುತ್ತುತ್ತಿರುತ್ತದೆ, ಮನಸ್ಸು ಗೋಪಾಲಸ್ವಾಮಿ ಬೆಟ್ಟ ಹತ್ತಿ ಮಂಜಿನಲ್ಲಿ ಅಡ್ಡಾಡಿಕೊಂಡು ಬರುತ್ತದೆ. ಎಷ್ಟೋ ಸಲ ಗಿರಾಕಿ ಎದುರಿಗೆ ನಿಂತು ‘ಅಣ್ಣಾ’ ಎಂದು ಕೂಗಿ, ಕೊನೆಗೆ ಭುಜ ಅಲುಗಿಸಿಯೇ ನನ್ನನ್ನು ಬೆಟ್ಟದಿಂದ ಇಳಿಸಬೇಕಾಗುತ್ತದೆ.

ಹೆಂಡತಿ ಮಾದೇವಮ್ಮನಿಗೆ ಬದನಗುಪ್ಪೆಯ ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಕೆಲಸ. ಅದೂ ನನ್ನ ದಾರಿಯಲ್ಲೇ. ಕಾರು ತಂದ ಮಾರನೇ ದಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತೆ.

“ಬಾ, ಬುಟ್ಬುಟ್ಟು ಓಯ್ತಿನಿ.”

“ಬ್ಯಾಡ ಬುಡಿ, ನಂಗೆ ಬಸ್ಸೇ ಸರಿ. ನಿಮ್ ಕಾರಲ್ಲಿ ಯಾರ್ ಜೊತೆ ಮಾತಾಡ್ಲಿ?”

“ಯಾಕೆ, ನಾನಿಲ್ವಾ?”

“ಅದ್ಕೇ ಯೋಳಿದ್ದು.”

ಗುಂಡ್ಲುಪೇಟೆಯಿಂದ ಹೊರಟು ಬೇಗೂರು, ನಮ್ಮೂರು ಹಾದು, ಬದನಗುಪ್ಪೆಯ ಮೇಲೆ ಚಾಮರಾಜನಗರಕ್ಕೆ ಹೋಗುವ ಆ ಬೆಳಗಿನ ಬಸ್ಸಿನಲ್ಲಿ ಅವಳಿಗೆ ಒಂದು ಸಂಸಾರವೇ ಇದೆ. ನಮ್ಮೂರಿನಿಂದಲೇ ಫ್ಯಾಕ್ಟರಿಗೆ ಹೋಗುವ ಹೆಂಗಸರ ದಂಡಿದೆ. ಯಾರ ಮನೆಯಲ್ಲಿ ಏನು ಸಾರು, ಯಾರ ಅತ್ತೆಗೆ ಯಾವ ಕಾಲು ನೋವು, ಎಲ್ಲವೂ ಬದನಗುಪ್ಪೆ ಬರುವುದರೊಳಗೆ ತೀರ್ಮಾನವಾಗಬೇಕು. ಹೀಗಾಗಿ ಪ್ರತಿದಿನ ಬೆಳಗ್ಗೆ ನಮ್ಮ ರಸ್ತೆಯಲ್ಲಿ ಒಂದು ಸಣ್ಣ ಮೆರವಣಿಗೆ. ಮುಂದೆ ಬಸ್ಸು, ಅದರ ಕಿಟಕಿಯಲ್ಲಿ ನಗುತ್ತಿರುವ ಮಾದೇವಮ್ಮ. ಹಿಂದೆ, ಐದು ಜನ ಕೂರುವ ಕಾರಿನಲ್ಲಿ ಒಬ್ಬನೇ ನಾನು. ನನ್ನ ಹಿಂದೆ ನಮ್ಮೂರಿನ ದಿನಸಿ ಅಂಗಡಿ ಗುರುಮಲ್ಲಣ್ಣ, ಪೇಟೆಯಿಂದ ಸರಕು ತರಲು ಹೊರಟವನು, ಅವನ ಕಾರಿನಲ್ಲಿ ಅವನೊಬ್ಬನೇ. ಅವನ ಹಿಂದೆ ಬೈಕುಗಳು. ಒಂದೇ ಊರಿನವರು, ಒಂದೇ ಹೊತ್ತಿಗೆ, ಒಂದೇ ಕಡೆಗೆ ಹೀಗೆ ಬಿಡಿಬಿಡಿಯಾಗಿ ಹೋಗುವುದರಲ್ಲಿ ಏನೋ ತಮಾಷೆ ಇದೆ ಎಂದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಒಂದು ಸಂಜೆ ಮಾದೇವಮ್ಮ ಮಂಕಾಗಿ ಬಂದಳು. ಕಂಡಕ್ಟರು ಹೇಳಿದನಂತೆ, ಹತ್ತುವವರು ಕಡಿಮೆಯಾದ್ದರಿಂದ ಬೆಳಗಿನ ಟ್ರಿಪ್ಪು ನಿಲ್ಲಿಸುವ ಮಾತಿದೆ. ಬಸ್ಸು ನಿಂತರೆ ಅವಳ ಕೆಲಸವೂ ನಿಂತಿತು. ಎಷ್ಟೋ ವರ್ಷದಿಂದ ಹೊಲಿದು, ಇನ್ನೇನು ತನ್ನ ಸಾಲಿಗೆ ಅವಳೇ ಸೂಪರ್‌ವೈಸರ್ ಆಗುವ ಹೊತ್ತು. ನಾನು ಎದೆ ಮುಂದೆ ಮಾಡಿ “ನಾನಿಲ್ವಾ? ಕಾರಿಲ್ವಾ?” ಎಂದೆ.

“ನನ್ನೊಬ್ಳನ್ನ ಕೂರಿಸ್ಕತೀರಿ ಸರಿ. ಸಾಕಮ್ಮ, ಗೌರಿ, ಅವ್ರನ್ನೆಲ್ಲ ಡಿಕ್ಕಿಗೆ ತುಂಬ್ಕತೀರಾ? ಗಂಡುಸ್ರೆಲ್ಲ ಒಬ್ಬೊಬ್ರು ಒಂದೊಂದು ಕಾರು ಇಡ್ಕಂಡು ಓದ್ರೆ ಬಸ್ಸಿಗೆ ಅತ್ತೋರ್ ಯಾರು, ದೆವ್ವಗಳಾ?”

ಈ ಮಾತು ನಾಟಿತು. ಆದರೆ ನಾಟಿದ ಜಾಗ ಬೇರೆ. ಊರಿನ ಹೆಂಗಸರ ಕೆಲಸ ಹೋಗುತ್ತದೆ ಎಂದರೆ ಗಂಡಸರಾಗಿ ಸುಮ್ಮನಿರುವುದೇ? ಗುರುಮಲ್ಲಣ್ಣನ ಅಂಗಡಿ ಮುಂದೆ ಸಭೆ ಸೇರಿತು. ಗುಂಡ್ಲುಪೇಟೆಯ ಡಿಪೋಗೇ ಹೋಗಿ ಸಾಹೇಬರನ್ನು ಕಂಡು ಕೇಳುವುದೆಂದು ತೀರ್ಮಾನವಾಯಿತು. ಸಾಹೇಬರು ಹೊತ್ತಾರೆ ಬಂದು ಆಮೇಲೆ ಸಿಗುವುದಿಲ್ಲವಂತೆ, ಆದ್ದರಿಂದ ಬೆಳಕು ಹರಿಯುವ ಹೊತ್ತಿಗೇ ಹೊರಡಬೇಕು. “ಬಸ್ಸಲ್ಲಿ ಓಗನ” ಎಂದು ಹಿಂದಿನಿಂದ ಯಾರೋ ಅಂದರು. “ಏನ್ಲಾ, ದೊಡ್ ಮಾತಾಡಕ್ಕೆ ಓಗೋರು ಬಸ್ಸಲ್ಲಿ ಓದ್ರೆ ಬೆಲೆ ಕೊಟ್ಟಾರಾ? ಇಸ್ತ್ರಿಯೂ ಆಳಾಯ್ತದೆ ಕಣ್ಲಾ” ಎಂದ ಗುರುಮಲ್ಲಣ್ಣ. ಎಲ್ಲರೂ ತಲೆಯಾಡಿಸಿದೆವು. ನಾನು ತುಸು ಜೋರಾಗಿಯೇ ಆಡಿಸಿದೆ.

ಮಾರನೇ ದಿನ ಊರಿನ ಕಾರೆಲ್ಲ ಸಾಲುಗಟ್ಟಿ ಹೊರಟವು. ಎಲ್ಲಕ್ಕಿಂತ ಮುಂದೆ ನನ್ನದು. ಗುಂಡ್ಲುಪೇಟೆಯಲ್ಲಿ ಆ ಹೊತ್ತಿಗೆ ಈರುಳ್ಳಿ ಲಾರಿ, ತರಕಾರಿ ಲಾರಿ, ಕೇರಳದ ಕಡೆ ಮುಖ ಮಾಡಿ ನಿಂತ ಗೂಡ್ಸ್ ಆಟೋ. ಕಾರು ನಿಲ್ಲಿಸಲು ಅಂಗೈ ಅಗಲ ಜಾಗವಿಲ್ಲ. ಸುತ್ತಿ ಸುತ್ತಿ ಕೊನೆಗೆ ಒಂದು ಕಡೆ ವಿಶಾಲವಾದ ಖಾಲಿ ಜಾಗ ಕಂಡಿತು. ದೇವರೇ ತೆರವು ಮಾಡಿ ಇಟ್ಟಂತಿತ್ತು. ನಿಲ್ಲಿಸಿದೆ. ನನ್ನ ಹಿಂದೆ ಉಳಿದವರೂ ನಿಲ್ಲಿಸಿದರು.

ಡಿಪೋದ ಸಾಹೇಬರು ತಾಳ್ಮೆಯ ಮನುಷ್ಯ. ಗುರುಮಲ್ಲಣ್ಣನ ಭಾಷಣವನ್ನು ಪೂರ್ತಿ ಕೇಳಿದರು. ನಮ್ಮೂರಿಗೆ ಬಸ್ಸೇ ಉಸಿರು, ಬಸ್ಸೇ ಜೀವ, ಬಸ್ಸಿಲ್ಲದೆ ನಾವು ಕಾಲಿಲ್ಲದವರು ಎಂದೆಲ್ಲ ಅವನು ಹೇಳಿದ. ಹೊರಗೆ ಯಾವುದೋ ಬಸ್ಸು ಬಿಡದೆ ಹಾರನ್ ಹೊಡೆಯುತ್ತಿತ್ತು. ಅದೂ ನಮ್ಮ ಪರವಾಗಿಯೇ ಕೂಗುತ್ತಿದೆ ಎನ್ನಿಸಿ ನನಗೆ ಮೈ ಜುಮ್ಮೆಂದಿತು. ಸಾಹೇಬರು ಕಿಟಕಿಯಾಚೆ ನೋಡಿದರು.

“ಸರಿ. ಗೇಟಿಗೆ ಅಡ್ಡ ನಿಂತಿದೆಯಲ್ಲ, ಶ್ರಮವೇ ದೇವರು ಅಂತ, ಅದು ಯಾರದು?”

“ನಂದೇ ಸಾ!” ಎಂದೆ. ಆ ಎರಡು ಪದದಲ್ಲಿ ಇದ್ದ ಹೆಮ್ಮೆಯನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

“ಅದರ ಹಿಂದೆ ಆಚೆ ಬರಲಾರದೆ ನಿಂತಿರೋದು ನಿಮ್ಮೂರಿನ ಬಸ್ಸು.”

ಇಸ್ತ್ರಿ ಪಂಚೆ ಎತ್ತಿಕಟ್ಟಿ ಎಲ್ಲರೂ ಓಡಿದೆವು. ಹಿಂದಿನ ಕಾರು ತೆಗೆಯದೆ ಮುಂದಿನದು ತೆಗೆಯುವಂತಿಲ್ಲ. ಹಿಂದಿನದರ ಬೀಗದ ಕೈ ಇದ್ದವನು ಟೀ ಕುಡಿಯಲು ಹೋಗಿದ್ದ. ಅವನನ್ನು ಹುಡುಕಿ, ಲಾರಿಯವರಿಂದ ಬೈಸಿಕೊಂಡು, ಕೊನೆಗೆ ಬಸ್ಸು ಹೊರಬಂದಾಗ ಹೊತ್ತು ಚೆನ್ನಾಗಿ ಏರಿತ್ತು. ಡ್ರೈವರು ನನ್ನ ಕಡೆ ನೋಡಲೂ ಇಲ್ಲ. ಸಾಹೇಬರು ಮಾತ್ರ ಮೆಲ್ಲಗೆ ಹೇಳಿದರು: “ಒಂದು ತಿಂಗಳು ನೋಡ್ತೀನಿ. ನೀವು ಹತ್ತಿದ್ರೆ ಬಸ್ಸು ಇರುತ್ತೆ. ಹತ್ತದಿದ್ರೆ, ಇನ್ನೊಂದು ಸಲ ಕಾರಲ್ಲಿ ಬಂದು ಕೇಳಿ.”

ಸಂಜೆ ಮಾದೇವಮ್ಮ ಮುದ್ದೆ ಬಡಿಸಿದಳು, ಸಾರು ಬಿಟ್ಟಳು, ಮಾತು ಮಾತ್ರ ಬಡಿಸಲಿಲ್ಲ. ಆ ದಿನ ಅವಳೂ ಅವಳ ದಂಡೂ ಬಸ್‌ಸ್ಟಾಪಿನಲ್ಲಿ ನಿಂತು ನಿಂತು, ಫ್ಯಾಕ್ಟರಿಗೆ ತಡವಾಗಿ ಹೋಗಿ ಬೈಸಿಕೊಂಡಿದ್ದರು. ನಾನು ಕೈ ತೊಳೆದು ಏಳುವಾಗ ಒಂದೇ ಮಾತು ಅಂದಳು: “ನಾಳಿಂದ ನೀವೂ ಬಸ್ಸಿಗೆ.”

ಮೊದಲ ದಿನ ಗುರುಮಲ್ಲಣ್ಣನೂ ಬಂದ. ಬಸ್ಸು ನಿಲ್ಲುವ ಮೊದಲೇ ಓಡಿ ಕಿಟಕಿಯೊಳಕ್ಕೆ ಟವಲ್ ಎಸೆದು ಸೀಟು ಹಿಡಿದ. ಅದು ಒಂದು ಅಜ್ಜಿಯ ತಲೆಯ ಮೇಲೆ ಬಿತ್ತು. “ಬಸ್ಸೆಲ್ಲಾ ಕಾಲಿ ಐತಲ್ಲಪ್ಪಾ, ನನ್ ತಲೆನೇ ಬೇಕಾಗಿತ್ತಾ?” ಎಂದಿತು ಅಜ್ಜಿ. “ಅಬ್ಯಾಸ ಕಣಜ್ಜಿ” ಎಂದ ಗುರುಮಲ್ಲಣ್ಣ. ಕಾರು ಬರುವ ಮುಂಚಿನ ಅಭ್ಯಾಸ, ಕೈಯಲ್ಲಿ ಇನ್ನೂ ಉಳಿದಿತ್ತು.

ನಾನು ಕಿಟಕಿ ಪಕ್ಕ ಕೂತೆ. ಬಸ್ಸು ಹೊರಟಿತು. ಇಷ್ಟು ದಿನ ಓಡಾಡಿದ ರಸ್ತೆ ಇದೇನಾ ಎನ್ನಿಸಿತು. ಕಾರಿನಲ್ಲಿದ್ದಾಗ ನನಗೆ ಕಂಡದ್ದು ಹಂಪು, ಮೇಕೆ, ಗುಂಡಿ, ಬಸ್ಸಿನ ಹಿಂಭಾಗ, ಇಷ್ಟೇ. ಈಗ ಚೆಂಡುಹೂವಿನ ಹೊಲ ಬಿಸಿಲನ್ನು ಹಾಸಿದ ಹಾಗೆ ಹರಡಿಕೊಂಡಿತ್ತು. ಅರಿಶಿನದ ಎಲೆ ಇಬ್ಬನಿಯಲ್ಲಿ ಹೊಳೆಯುತ್ತಿತ್ತು. ದೂರದಲ್ಲಿ ಬೆಟ್ಟ, ಯಾರೋ ನೀಲಿ ಸೀರೆ ಒಣಹಾಕಿ ಮರೆತಂತೆ. ಮೋಟರು ಸುತ್ತುವಾಗ ಕದ್ದು ಕಾಣುತ್ತಿದ್ದ ಕನಸನ್ನು ಇಲ್ಲಿ ಟಿಕೆಟ್ ತೆಗೆದುಕೊಂಡು ರಾಜಾರೋಷವಾಗಿ ಕಾಣಬಹುದಿತ್ತು. ಕಂಡೆ. ಊರೂರಿಗೂ ಬಸ್ಸು, ಒಂದು ಹೋದರೆ ಹಿಂದೆಯೇ ಇನ್ನೊಂದು. ಸ್ಟಾಪಿಗೆ ನೆರಳು, ಕೂರಲು ಕಲ್ಲುಬೆಂಚು. ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಕಾರು ನಿಲ್ಲುವ ಜಾಗದಲ್ಲೆಲ್ಲ ಹೊಂಗೆಮರ. ಹಾರನ್ ಇಲ್ಲದ ರಸ್ತೆಯಲ್ಲಿ ಬಸ್ಸು ದೋಣಿಯ ಹಾಗೆ ತೇಲಿ ಬರುತ್ತದೆ. ನನ್ನ ಮುಂದಿನ ಸೀಟಿನಲ್ಲಿ ಹೆಂಗಸರು ನಗುತ್ತಿದ್ದರು. ಆ ನಗುವೂ ಕನಸಿಗೆ ಸೇರಿಕೊಂಡು, ಅವರು ಬದನಗುಪ್ಪೆಯಲ್ಲಿ ಇಳಿದದ್ದೂ ತಿಳಿಯದೆ, ನನ್ನ ಅಂಗಡಿಯ ಸ್ಟಾಪೂ ದಾಟಿಹೋಯಿತು.

ಆಮೇಲಾಮೇಲೆ ಬೈಕಿನವರೂ ಬಂದರು. ಯಾರೂ ಊರ ಮೇಲಿನ ಪ್ರೀತಿಯಿಂದ ಬಂದರೆಂದು ಹೇಳಲಾರೆ; ಬಸ್ಸಿನಲ್ಲಿ ತಮ್ಮ ಬಗ್ಗೆ ಏನು ಮಾತಾಗುತ್ತದೋ ಎಂಬ ಹೆದರಿಕೆಗೆ ಬಂದರು. ತಿಂಗಳ ಕೊನೆಯ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಜನರ ನಡುವೆ ನುಗ್ಗಿಕೊಂಡು ಬಂದು ಕೂಗಿದ: “ಟ್ರಿಪ್ ನಿಲ್ಲಲ್ವಂತೆ! ಸಾಹೇಬ್ರು ಯೋಳವ್ರೆ!”

ಹೆಂಗಸರು ಚಪ್ಪಾಳೆ ತಟ್ಟಿದರು. ಮಾದೇವಮ್ಮ ಕಣ್ಣೊರೆಸಿಕೊಂಡಳು. ನನಗೆ ಎದೆ ತುಂಬಿ ಬಂತು. ಇಂಥ ಹೊತ್ತಿನಲ್ಲಿ ಯಾರಾದರೂ ಎದ್ದು ನಾಲ್ಕು ಮಾತಾಡಬೇಕು ಅನ್ನಿಸಿತು; ಯಾರು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಎದ್ದೆ. ಗಂಟಲು ಸರಿಮಾಡಿಕೊಂಡು “ನೋಡಿ, ಕಷ್ಟಪಟ್ರೆ...” ಎಂದು ಶುರು ಮಾಡುವುದರೊಳಗೆ ಹಿಂದಿನಿಂದ ಏನೋ ಧಪ್ಪನೆ ಕೂತ ಸದ್ದಾಯಿತು. ತಿರುಗಿ ನೋಡಿದರೆ ನನ್ನ ಕಿಟಕಿ ಸೀಟಿನಲ್ಲಿ ಸಾಕಮ್ಮ, ಮಡಿಲಲ್ಲಿ ಊಟದ ಬುತ್ತಿ.

“ಇಳಿಯಕ್ಕೆ ಎದ್ರೇನೋ ಅನ್ಕಂಡೆ ಕಣಣ್ಣಾ” ಎಂದಳು. ಏಳುವ ಲಕ್ಷಣ ಕಾಣಲಿಲ್ಲ.

ಭಾಷಣ ಅಲ್ಲಿಗೇ ನಿಂತಿತು, ನಾನೂ ನಿಂತೆ. ಬಗ್ಗಿ ಬೆಟ್ಟ ನೋಡಲು ಹೋದರೆ ಯಾರದೋ ಕಂಕುಳು ಅಡ್ಡ. ಮಾದೇವಮ್ಮ ಮುಂದಿನ ಸೀಟಿನಿಂದ ಒಮ್ಮೆ ತಿರುಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕಂಬಿ ಗಟ್ಟಿಯಾಗಿ ಇಡ್ಕಳಿ, ಕನ್ಸು ಕಾಣ್ತಾ ಯಾರ್ ಮೇಲಾರ ಬಿದ್ದೀರಿ” ಎಂದಳು.